ಪೆಪ್ಟೈಡ್ ಲ್ಯಾಬಿನಲ್ಲಿ ಎಚ್ಚರ: ತೂಕದ ಮೇಜಿನಿಂದ ವೇಸ್ಟ್ ಕ್ಯಾನಿನವರೆಗೆ

ಅಮೈನೋ ಆಮ್ಲಗಳನ್ನು ಸರಪಳಿಯಾಗಿ ಪೋಣಿಸಿ ಪೆಪ್ಟೈಡ್ ಮಾಡುವ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲು ಹೆದರುವುದು ಟ್ರೈಫ್ಲೂರೋಅಸಿಟಿಕ್ ಆಮ್ಲಕ್ಕೆ, ಅಂದರೆ ಲ್ಯಾಬಿನವರೆಲ್ಲ ಟಿಎಫ್‌ಎ ಎಂದು ಕರೆಯುವ ದ್ರವಕ್ಕೆ. ಬಾಟಲಿ ತೆರೆದರೆ ಬಿಳಿ ಹೊಗೆ ಏಳುತ್ತದೆ, ವಾಸನೆ ಮೂಗಿಗೆ ಚುಚ್ಚುತ್ತದೆ, ಒಂದು ಹನಿ ಚರ್ಮಕ್ಕೆ ಬಿದ್ದರೆ ಸುಡುತ್ತದೆ. ಆ ಹೆದರಿಕೆ ಇರಬೇಕಾದದ್ದೇ. ಆದರೆ ಪಕ್ಕದ ತಕ್ಕಡಿಯಲ್ಲಿ ತೂಗುವ ಬಿಳಿ ಪುಡಿಗಳಿಗೆ ಯಾರೂ ಹೆದರುವುದಿಲ್ಲ. ಅವುಗಳಿಗೆ ವಾಸನೆಯಿಲ್ಲ, ಉರಿಯಿಲ್ಲ. ತಿಂಗಳುಗಟ್ಟಲೆ ತೂಗಿದರೂ ಏನೂ ಆಗದಿರಬಹುದು. ಆಮೇಲೆ ಒಂದು ದಿನ ಅದೇ ಪುಡಿಯಿಂದ ಉಸಿರು ಕಟ್ಟಬಹುದು. ಈ ಲ್ಯಾಬಿನಲ್ಲಿ ಎಚ್ಚರ ತಪ್ಪುವುದು ಹೆಚ್ಚಾಗಿ ಇಂಥ ಸದ್ದಿಲ್ಲದ ಪದಾರ್ಥಗಳ ವಿಷಯದಲ್ಲಿ, ಮತ್ತು ಎರಡು ಪದಾರ್ಥ ಸೇರಿದಾಗ ಹುಟ್ಟುವ, ಯಾವ ಬಾಟಲಿಯ ಲೇಬಲ್‌ನಲ್ಲೂ ಹೆಸರಿಲ್ಲದ ಮೂರನೆಯದರ ವಿಷಯದಲ್ಲಿ.

ಕೆಲಸದ ಕ್ರಮ ಗೊತ್ತಿದ್ದರೆ ಅಪಾಯ ಎಲ್ಲೆಲ್ಲಿದೆ ಎಂಬುದೂ ತಿಳಿಯುತ್ತದೆ. ರಾಬರ್ಟ್ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ, 1984ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ವಿಧಾನವೇ ಇಂದಿಗೂ ಬುನಾದಿ. ರೆಸಿನ್ ಎಂಬ ಪ್ಲಾಸ್ಟಿಕ್ ಮಣಿಗಳಿಗೆ ಮೊದಲ ಅಮೈನೋ ಆಮ್ಲವನ್ನು ಅಂಟಿಸಿ, ಅದರ ಮೇಲೆ ಒಂದೊಂದಾಗಿ ಉಳಿದವನ್ನು ಜೋಡಿಸುತ್ತ ಹೋಗುವುದು, ಕೊನೆಗೆ ಆಮ್ಲದಿಂದ ಸರಪಳಿಯನ್ನು ಮಣಿಯಿಂದ ಬಿಡಿಸುವುದು. ಜೋಡಿಸುವಾಗ ಅಮೈನೋ ಆಮ್ಲದ ಅಮೈನ್ ತುದಿಗೆ ಒಂದು ತಾತ್ಕಾಲಿಕ ಮುಸುಕು ಹಾಕಿರುತ್ತಾರೆ. ಹಿಂದೆ ಬಾಕ್ ಎಂಬ ಮುಸುಕಿನ ವಿಧಾನದಲ್ಲಿ ಈ ಕೊನೆಯ ಹೆಜ್ಜೆಗೆ ಹೈಡ್ರೋಜನ್ ಫ್ಲೋರೈಡ್ ಬೇಕಿತ್ತು. ಗಾಜನ್ನೇ ಕರಗಿಸುವ, ಚರ್ಮದೊಳಗಿಳಿದು ರಕ್ತದ ಕ್ಯಾಲ್ಸಿಯಂ ಕಸಿಯುವ ವಿಷ ಅದು. 1970ರಲ್ಲಿ ಲೂಯಿಸ್ ಕಾರ್ಪಿನೊ ಅವರ ಎಫ್‌ಮಾಕ್ ಎಂಬ ಮುಸುಕು ಗುಂಪು ಬಂದಮೇಲೆ ಆ ಜಾಗಕ್ಕೆ ಟಿಎಫ್‌ಎ ಬಂತು. ಇವತ್ತು ಬಹುತೇಕ ಲ್ಯಾಬುಗಳು ನಡೆಸುವುದು ಎಫ್‌ಮಾಕ್ ವಿಧಾನವನ್ನೇ. ಇಲ್ಲಿ ಹೇಳುವುದೂ ಅದನ್ನೇ ಕುರಿತು.

ಲೆಕ್ಕಕ್ಕಾಗಿ 0.1 ಮಿಲಿಮೋಲ್ ಪ್ರಮಾಣದಲ್ಲಿ 20 ಅಮೈನೋ ಆಮ್ಲದ ಒಂದು ಪೆಪ್ಟೈಡ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಬೇಕಾಗುವ ರೆಸಿನ್ ಬರೀ 200 ಮಿಲಿಗ್ರಾಂ. ಆದರೆ ಪ್ರತಿ ಸುತ್ತಿಗೂ ಎಫ್‌ಮಾಕ್ ತೆಗೆಯಲು ಡಿಎಂಎಫ್ (ಡೈಮೀಥೈಲ್‌ಫಾರ್ಮಮೈಡ್) ಎಂಬ ದ್ರಾವಕದಲ್ಲಿ 20 ಶೇಕಡಾ ಪೈಪೆರಿಡಿನ್ ಎಂಬ ಕ್ಷಾರ (ಬೇಸ್) ಎರಡು ಸಲ, ನಡುವೆ ಡಿಎಂಎಫ್‌ನಲ್ಲಿ ಐದು ತೊಳೆತ, ಜೋಡಣೆ, ಮತ್ತೆ ಐದು ತೊಳೆತ. ಸಲಕ್ಕೆ 3 ಮಿಲಿ ಹಿಡಿದರೂ ಸುತ್ತಿಗೆ 40 ಮಿಲಿ ಆಗುತ್ತದೆ. ಇಪ್ಪತ್ತು ಸುತ್ತು ಮುಗಿಯುವಾಗ ಸುಮಾರು 800 ಮಿಲಿ ಡಿಎಂಎಫ್ ನಿಮ್ಮ ಕೈಯ ಹತ್ತಿರ ಹಾದುಹೋಗಿರುತ್ತದೆ.

ಜೋಡಣೆಯ ಪುಡಿಗಳು

ಎಚ್‌ಬಿಟಿಯು, ಎಚ್‌ಎಟಿಯು, ಎಚ್‌ಸಿಟಿಯು. ಅಮೈನೋ ಆಮ್ಲದ ಕಾರ್ಬಾಕ್ಸಿಲ್ ತುದಿಯನ್ನು ಚುರುಕುಗೊಳಿಸಿ ಇನ್ನೊಂದರ ಅಮೈನ್‌ಗೆ ಅಂಟುವಂತೆ ಮಾಡುವುದು ಇವುಗಳ ಕೆಲಸ. ನಮ್ಮ ದೇಹದ ಪ್ರೋಟೀನುಗಳಲ್ಲೂ ಅಮೈನ್‌ಗಳಿವೆ. ಪುಡಿ ಮೂಗಿಗೋ ಚರ್ಮಕ್ಕೋ ತಾಗಿದಾಗ ಅಲ್ಲಿಯ ಪ್ರೋಟೀನಿನ ಜೊತೆಗೂ ಪ್ರತಿಕ್ರಿಯಿಸುತ್ತದೆ. ಹಾಗೆ ರೂಪ ಬದಲಾದ ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆ ಪರಕೀಯ ಎಂದು ಗುರುತು ಹಾಕಿಕೊಳ್ಳಬಹುದು. ಒಮ್ಮೆ ಆ ಗುರುತು ಬಿದ್ದರೆ ಮುಂದೆ ಅತಿ ಸಣ್ಣ ಪ್ರಮಾಣವೂ ಸಾಕು. 2020ರಲ್ಲಿ ಜರ್ನಲ್ ಆಫ್ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಅಮೆರಿಕದ ಒಬ್ಬ ಪೆಪ್ಟೈಡ್ ಸಂಶೋಧಕರ ಪ್ರಕರಣ ಪ್ರಕಟವಾಯಿತು. ಈ ಮೂರೂ ಪುಡಿಗಳನ್ನು ಪದೇಪದೇ ಬಳಸಿದ ಅವರಿಗೆ ಮೊದಲು ಬಂದದ್ದು ಸೀನು, ಸೋರುವ ಮೂಗು. ಕೊನೆಗೆ ಅದು ಪ್ರಾಣಕ್ಕೇ ಎರವಾಗಬಹುದಾದ ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಅಲರ್ಜಿಯವರೆಗೆ ಹೋಯಿತು.

ಆದ್ದರಿಂದ ತೂಕದ ಮೇಜಿನಲ್ಲಿ ಸೀನು ಬಂದರೆ ಅದನ್ನು ಧೂಳಿನ ಅಲರ್ಜಿ, ನೆಗಡಿ ಎಂದು ತಳ್ಳಿಹಾಕಬೇಡಿ. ಲ್ಯಾಬಿಗೆ ಬಂದಾಗ ಶುರುವಾಗಿ ರಜೆಯಲ್ಲಿ ಮಾಯವಾಗುವ ಸೀನು, ಕಣ್ಣುರಿ, ಪಿತ್ತದ ಗಂಧೆ ಇವು ಮುನ್ಸೂಚನೆಗಳು. ಆ ಹಂತದಲ್ಲಿ ಆ ಪುಡಿಯಿಂದ ದೂರ ಸರಿದು ಅಲರ್ಜಿ ತಜ್ಞರನ್ನು ಕಾಣಬೇಕು. ಮಾತ್ರೆ ನುಂಗಿಕೊಂಡು ಕೆಲಸ ಮುಂದುವರಿಸುವುದು ಅತಿ ಕೆಟ್ಟ ದಾರಿ.

ತಡೆಯುವ ದಾರಿ ಸರಳ: ತೂಗುವ ಸಲಗಳನ್ನೇ ಕಡಿಮೆ ಮಾಡಿ. ಪ್ರತಿ ಜೋಡಣೆಗೆ ಪೆಪ್ಟೈಡ್ ಪ್ರಮಾಣದ 5 ಪಟ್ಟು, ಅಂದರೆ 0.5 ಮಿಲಿಮೋಲ್ ಎಚ್‌ಬಿಟಿಯು ಬೇಕು. ತೂಕ 190 ಮಿಲಿಗ್ರಾಂ. ಇಪ್ಪತ್ತು ಜೋಡಣೆಗೆ ಇಪ್ಪತ್ತು ಸಲ ಪುಡಿ ಕೆದಕುವ ಬದಲು 3.79 ಗ್ರಾಂ ಅನ್ನು ಒಮ್ಮೆಗೇ ತೂಗಿ, ಆವಿಯನ್ನು ಹೊರಗೆಳೆಯುವ ಗಾಜಿನ ಬಾಗಿಲಿನ ಕಪಾಟಾದ ಫ್ಯೂಮ್ ಹುಡ್‌ನೊಳಗೆ ಡಿಎಂಎಫ್ ಸೇರಿಸಿ 25 ಮಿಲಿಗೆ ತನ್ನಿ. ಆಗ 0.4 ಮೋಲಾರ್ ದ್ರಾವಣವಾಗುತ್ತದೆ. ಪ್ರತಿ ಸುತ್ತಿಗೆ 1.25 ಮಿಲಿ ತೆಗೆದುಕೊಂಡರಾಯಿತು. ಬೇಸ್ ಆದ ಡಿಐಪಿಇಎಯನ್ನು ಮಾತ್ರ ಇದಕ್ಕೆ ಸೇರಿಸಿಡಬೇಡಿ, ಬಳಸುವ ಹೊತ್ತಿಗೆ ಸೇರಿಸಿ. ತೂಗುವಾಗಲೂ ತೆರೆದ ಮೇಜಿನ ಮೇಲೆ ಕಾಗದದಲ್ಲಿ ತೂಗುವುದು ಬೇಡ. ಮುಚ್ಚಳವಿರುವ ಸೀಸೆಯನ್ನು ಖಾಲಿಯಾಗಿ ತೂಗಿ, ಹುಡ್‌ನೊಳಗೆ ಅಂದಾಜಿಗೆ ಪುಡಿ ಹಾಕಿ, ಮುಚ್ಚಿ, ಮತ್ತೆ ತೂಗಿ. ತೂಕ ಒಂದಿಷ್ಟು ಹೆಚ್ಚು ಕಡಿಮೆಯಾದರೆ ಡಿಎಂಎಫ್ ಅಳತೆಯಲ್ಲಿ ಸರಿಪಡಿಸಬಹುದು. ಕೆಲಸ ಮುಗಿದಮೇಲೆ ತಕ್ಕಡಿಯ ತಟ್ಟೆ, ಅದರ ಬಾಗಿಲಿನ ಹಿಡಿ, ಚಮಚ ಎಲ್ಲವನ್ನೂ ಒದ್ದೆ ಟಿಶ್ಯೂನಿಂದ ಒರೆಸಿ. ನಿಮ್ಮ ನಂತರ ಅಲ್ಲಿ ನಿಲ್ಲುವವರಿಗೆ ಈ ಪುಡಿಗೆ ಆಗಲೇ ಅಲರ್ಜಿ ಬಂದಿರಬಹುದು.

ಜೋಡಣೆಗೆ ನೆರವಾಗಲು ಸೇರಿಸುವ, ಇದೇ ಬಳಗದ ಎಚ್‌ಒಬಿಟಿ ಪುಡಿಯ ಕಥೆ ಬೇರೆ. ಪೂರ್ತಿ ಒಣಗಿದ ಎಚ್‌ಒಬಿಟಿ ಸ್ಫೋಟಕ. ಅದಕ್ಕೇ ಅದನ್ನು ನೀರಿನಂಶದೊಡನೆ ಮಾರುತ್ತಾರೆ. "ನೀರಿದ್ದರೆ ಜೋಡಣೆ ಕೆಡುತ್ತದೆ" ಎಂದು ಅದನ್ನು ವ್ಯಾಕ್ಯೂಮ್‌ನಲ್ಲೋ ಓವನ್‌ನಲ್ಲೋ ಒಣಗಿಸಹೋಗುವುದು ಯಾವ ಕಾರಣಕ್ಕೂ ಸಲ್ಲದು. ಡಬ್ಬಿಯ ಅಂಚಿನಲ್ಲಿ ಒಣಗಿ ಅಂಟಿದ್ದನ್ನು ಲೋಹದ ಚಮಚದಿಂದ ಕೆರೆಯುವುದೂ ಅಷ್ಟೇ ಅಪಾಯ.

ಹೆಸರಿಲ್ಲದ ಮೂರನೆಯದು

ಈ ಸ್ಫೋಟದ ಭಯದಿಂದಲೇ 2009ರಲ್ಲಿ ಎಚ್‌ಒಬಿಟಿಗೆ ಬದಲಿಯಾಗಿ ಆಕ್ಸಿಮಾ ಎಂಬ ಸಂಯುಕ್ತವನ್ನು ಮುಂದಿಟ್ಟರು. ಡಿಐಸಿ ಎಂಬ ಜೋಡಣೆಯ ದ್ರವದ ಜೊತೆ ಅದು ಸೊಗಸಾಗಿ ಕೆಲಸ ಮಾಡುತ್ತದೆ, ಅಗ್ಗವೂ ಹೌದು, ಯಂತ್ರಗಳಿಗೂ ಒಗ್ಗುತ್ತದೆ. ಎಷ್ಟೋ ಲ್ಯಾಬುಗಳು ಆ ಜೋಡಿಗೆ ಬದಲಾದವು. ಹತ್ತು ವರ್ಷದ ಮೇಲೆ, 2019ರಲ್ಲಿ, ಡಿಐಸಿ ಮತ್ತು ಆಕ್ಸಿಮಾ ಡಿಎಂಎಫ್‌ನಲ್ಲಿ ಸೇರಿದಾಗ ಕೋಣೆಯ ಉಷ್ಣತೆಯಲ್ಲೇ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ ಎಂದು ತೋರಿಸಿದ ಪ್ರಬಂಧ ಬಂತು. ಆಕ್ಸಿಮಾದ ಅಣುವಿನಲ್ಲೇ ಸಯಾನೋ ಗುಂಪು ಇದೆ. ಡಿಐಸಿಯೊಡನೆ ಅದು ಮಾಡುವ ಸೇರ್ಪಡೆ ಒಡೆಯುವಾಗ ಸಯನೈಡ್ ಹೊರಬೀಳುತ್ತದೆ. ಹೈಡ್ರೋಜನ್ ಸಯನೈಡ್ ಕುದಿಯುವುದು ಸುಮಾರು 26 ಡಿಗ್ರಿಯಲ್ಲಿ. ಅಂದರೆ ನಮ್ಮ ಊರುಗಳ ಹವೆಯಲ್ಲಿ ಅದು ಅನಿಲವೇ. ಕಹಿ ಬಾದಾಮಿಯ ವಾಸನೆ ಬರುತ್ತದೆ ಎಂಬುದನ್ನು ನಂಬಿ ಕೂರುವಂತಿಲ್ಲ, ಆ ವಾಸನೆ ಹಲವರ ಮೂಗಿಗೆ ಸಿಗುವುದೇ ಇಲ್ಲ.

ಹಾಗೆಂದು ಆಕ್ಸಿಮಾ ಬಿಟ್ಟುಬಿಡಬೇಕಿಲ್ಲ. ಎರಡನ್ನೂ ಮೊದಲೇ ಬೆರೆಸಿ ಬಾಟಲಿಯಲ್ಲಿ ಇಡಬೇಡಿ. ಜೋಡಣೆಯ ಪಾತ್ರೆ ಹುಡ್‌ನೊಳಗೇ ಇರಲಿ. ಯಂತ್ರ ಬಳಸುವುದಾದರೆ ಅದರ ಗಾಳಿ ಹೊರಹೋಗುವ ಕೊಳವೆ ಮತ್ತು ವೇಸ್ಟ್ ಕ್ಯಾನ್ ಎರಡೂ ಹುಡ್‌ಗೋ ಎಕ್ಸಾಸ್ಟ್‌ಗೋ ಸೇರಿವೆಯೇ ನೋಡಿ. ಮೇಜಿನ ಮೇಲಿಟ್ಟ ಎಷ್ಟೋ ಯಂತ್ರಗಳಲ್ಲಿ ಮರೆತುಹೋಗುವುದು ಈ ವೇಸ್ಟ್ ಕ್ಯಾನೇ. ಮೈಕ್ರೋವೇವ್ ಯಂತ್ರದಲ್ಲಿ 90 ಡಿಗ್ರಿಯವರೆಗೆ ಬಿಸಿ ಮಾಡುವಾಗ ಇದು ಇನ್ನೂ ಮುಖ್ಯ.

ಡಿಐಸಿ ತಾನೇ ಉಸಿರಿಗೂ ಕಣ್ಣಿಗೂ ಕೇಡು. ಅದು ಕಣ್ಣಿಗೆ ತಾಗಿ ಕೆಲಕಾಲ ದೃಷ್ಟಿ ಹೋದ ಪ್ರಕರಣ ವರದಿಯಾಗಿದೆ. ಸಾಮಾನ್ಯ ಕನ್ನಡಕ ಸಾಲದು. ಬದಿಗಳೂ ಮುಚ್ಚುವ ಗಾಗಲ್ಸ್ ಬೇಕು.

ಗ್ಲೌಸ್ ಎಷ್ಟು ಹೊತ್ತು ಕಾಯುತ್ತದೆ?

ನೀಲಿ ನೈಟ್ರೈಲ್ ಗ್ಲೌಸ್ ಹಾಕಿದ ಕೂಡಲೇ ಕೈ ಸುರಕ್ಷಿತ ಎಂಬ ಭಾವನೆ ಬಂದುಬಿಡುತ್ತದೆ. ಡಿಎಂಎಫ್ ಮತ್ತು ಡಿಸಿಎಂ, ಅಂದರೆ ಡೈಕ್ಲೋರೋಮೀಥೇನ್, ಈ ಎರಡಕ್ಕೂ ತೆಳು ನೈಟ್ರೈಲ್ ಹೆಚ್ಚು ಹೊತ್ತು ತಡೆಯಲ್ಲ. ಕೆಲವೇ ನಿಮಿಷಗಳಲ್ಲಿ, ಡಿಸಿಎಂ ಆದರೆ ಒಂದೆರಡು ನಿಮಿಷದಲ್ಲಿ, ದ್ರವದ ಅಣುಗಳು ಗ್ಲೌಸ್‌ನ ಒಳಬದಿಗೆ ಬಂದಿರುತ್ತವೆ. ತೂತಾಗುವುದಿಲ್ಲ, ಬಣ್ಣ ಬದಲಾಗುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಡಿಸಿಎಂ ಒಳನುಗ್ಗಿದಾಗ ಬೆರಳಿಗೆ ತಣ್ಣಗೆ ಉರಿದಂತೆ ಅನಿಸುತ್ತದೆ. ಡಿಎಂಎಫ್ ಆ ಸುಳಿವನ್ನೂ ಕೊಡುವುದಿಲ್ಲ.

ಇಲ್ಲಿ ಒಂದು ಹನಿಯ ದಾರಿಯನ್ನು ಹತ್ತಿರದಿಂದ ನೋಡಬೇಕು. ಎಚ್‌ಬಿಟಿಯು ಕರಗಿಸಿದ ಡಿಎಂಎಫ್ ಸಿರಿಂಜ್‌ನ ತುದಿಯಿಂದ ತೋರುಬೆರಳಿನ ಮೇಲೆ ಬಿತ್ತು. ಡಿಎಂಎಫ್ ನೈಟ್ರೈಲ್ ದಾಟುತ್ತದೆ, ಚರ್ಮವನ್ನೂ ಸಲೀಸಾಗಿ ದಾಟುತ್ತದೆ, ದಾಟುವಾಗ ತನ್ನಲ್ಲಿ ಕರಗಿದ್ದನ್ನೂ ಒಳಗೆ ಒಯ್ಯಬಲ್ಲದು. ಒಣ ಪುಡಿಯಾಗಿ ಬಿದ್ದಿದ್ದರೆ ಗ್ಲೌಸ್ ಮೇಲೇ ಕೂತಿರುತ್ತಿದ್ದ ಅಲರ್ಜಿಕಾರಕ ಈಗ ಚರ್ಮದೊಳಗಿದೆ. ಅದೇ ಬೆರಳಿನಿಂದ ಹುಡ್‌ನ ಗಾಜು ಎಳೆದಿರಿ, ಪೆನ್ ಹಿಡಿದಿರಿ, ಮೊಬೈಲ್ ಮುಟ್ಟಿದಿರಿ ಎಂದಾದರೆ ಗ್ಲೌಸ್ ಇಲ್ಲದ ಇನ್ನೊಬ್ಬರ ಕೈಗೂ ದಾರಿ ಮಾಡಿಕೊಟ್ಟಂತೆ.

ನೈಟ್ರೈಲ್ ಎರಡು ಪದರ ಹಾಕಿ. ಹೊರಗಿನದು ಒದ್ದೆಯಾದ ತಕ್ಷಣ ಕಳಚಿ ಹೊಸದು ಹಾಕಿ. "ಇದೊಂದು ತೊಳೆತ ಮುಗಿಯಲಿ" ಎಂದು ಕಾಯಬೇಡಿ. ಡಿಎಂಎಫ್ ಹೆಚ್ಚು ಪ್ರಮಾಣದಲ್ಲಿ ಸುರಿಯುವಾಗ, ಕ್ಯಾನ್ ಬದಲಿಸುವಾಗ ಬ್ಯೂಟೈಲ್ ರಬ್ಬರ್ ಗ್ಲೌಸ್ ಬೇಕು. ಡಿಸಿಎಂಗೆ ಬ್ಯೂಟೈಲ್ ಕೂಡ ಆಗದು, ಹಲವು ಪದರದ ಪ್ಲಾಸ್ಟಿಕ್ ಲ್ಯಾಮಿನೇಟ್ ಗ್ಲೌಸ್ ಒಳಗೆ ಹಾಕಿ ಮೇಲೆ ನೈಟ್ರೈಲ್ ಧರಿಸುವುದು ಸರಿ. ಎಲ್ಲ ದ್ರವಗಳಿಗೂ ಒಂದೇ ಗ್ಲೌಸ್ ಸಾಕೆಂಬ ನಂಬಿಕೆಗೆ ತೆತ್ತ ಬೆಲೆ ರಸಾಯನಶಾಸ್ತ್ರದ ಚರಿತ್ರೆಯಲ್ಲಿದೆ: 1996ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸ್ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಕೆಲವು ಹನಿ ಬಿದ್ದವು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಪೆಪ್ಟೈಡ್ ಲ್ಯಾಬಿನಲ್ಲಿ ಅಂಥ ಪದಾರ್ಥವಿಲ್ಲ, ಆದರೆ ಗ್ಲೌಸ್ ದಾಟುವ ಬಗೆ ಅದೇ.

ಡಿಎಂಎಫ್ ಯಕೃತ್ತಿಗೆ ಕೆಟ್ಟದ್ದು, ಗರ್ಭದ ಮಗುವಿಗೂ ಹಾನಿ ಮಾಡಬಲ್ಲದು. ಮೈಗೆ ಸೇರಿದವರು ಮದ್ಯ ಕುಡಿದರೆ ಮುಖ ಕೆಂಪೇರಿ ಎದೆ ಬಡಿತ ಹೆಚ್ಚುವುದು ಹಳೆಯ ಕಾರ್ಖಾನೆಗಳಲ್ಲೇ ಕಂಡುಬಂದ ಲಕ್ಷಣ. ಐರೋಪ್ಯ ಒಕ್ಕೂಟ 2023ರ ಡಿಸೆಂಬರ್ 12ರಿಂದ ಇದರ ಬಳಕೆಗೆ ಮಿತಿ ಹಾಕಿದೆ. ಉಸಿರಾಡುವ ಗಾಳಿಯಲ್ಲಿ ಘನ ಮೀಟರಿಗೆ 6 ಮಿಲಿಗ್ರಾಂಗಿಂತ ಹೆಚ್ಚು ಇರುವಂತಿಲ್ಲ. ಬದಲಿಗೆ ಎನ್‌ಎಂಪಿ ಎಂಬ ಇನ್ನೊಂದು ದ್ರಾವಕ ಬಳಸಿದರೆ ಸರಿಹೋಯಿತು ಎಂದುಕೊಳ್ಳುವವರಿದ್ದಾರೆ. ಎನ್‌ಎಂಪಿಯೂ ಗರ್ಭಕ್ಕೆ ಅದೇ ಬಗೆಯ ಹಾನಿ ಮಾಡುತ್ತದೆ. ಲ್ಯಾಬಿನಲ್ಲಿ ಯಾರಾದರೂ ಗರ್ಭಿಣಿಯಾದಾಗ, ಅಥವಾ ಆ ಯೋಚನೆಯಲ್ಲಿರುವಾಗ, ಸಂಕೋಚವಿಲ್ಲದೆ ಕೆಲಸ ಬದಲಿಸಿಕೊಳ್ಳುವ ಅವಕಾಶ ಇರಲೇಬೇಕು. ಅದನ್ನು ಮೊದಲೇ ಹೇಳಿಡುವುದು ಗೈಡ್ ಆದವರ ಹೊಣೆ.

ಟಿಎಫ್‌ಎ ದಿನ

ರೆಸಿನ್‌ನಿಂದ ಪೆಪ್ಟೈಡ್ ಬಿಡಿಸುವ ದಿನ ಬೇರೆ ಯಾವ ಕೆಲಸವನ್ನೂ ಜೊತೆಗೆ ಇಟ್ಟುಕೊಳ್ಳಬೇಡಿ. ಮೊದಲು ರೆಸಿನ್‌ನಲ್ಲಿ ಉಳಿದ ಡಿಎಂಎಫ್ ಮತ್ತು ಪೈಪೆರಿಡಿನ್ ಪೂರ್ತಿ ಹೋಗುವಂತೆ ಡಿಸಿಎಂನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಪೈಪೆರಿಡಿನ್ ಬೇಸ್, ಟಿಎಫ್‌ಎ ಗಟ್ಟಿ ಆಮ್ಲ; ಎರಡೂ ಸೇರಿದರೆ ಹೊಗೆ ಮತ್ತು ಬಿಸಿ. ಡಿಎಂಎಫ್ ಉಳಿದರೆ ಬಿಡಿಸುವಿಕೆಯೂ ನಿಧಾನ.

ಮಾಮೂಲಿ ಮಿಶ್ರಣ 95 ಪಾಲು ಟಿಎಫ್‌ಎ, 2.5 ಪಾಲು ನೀರು, 2.5 ಪಾಲು ಟ್ರೈಐಸೋಪ್ರೊಪೈಲ್‌ಸೈಲೇನ್. ನಮ್ಮ ಪ್ರಮಾಣಕ್ಕೆ 5 ಮಿಲಿ ಸಾಕು. ಟಿಎಫ್‌ಎಯನ್ನು ಮೈಕ್ರೋಪಿಪೆಟ್‌ನಲ್ಲಿ ತೆಗೆಯಬೇಡಿ. ಅದರ ಸಾಂದ್ರತೆ 1.49, ಕುದಿಯುವುದು 72 ಡಿಗ್ರಿಯಲ್ಲಿ. ಟಿಪ್‌ನೊಳಗೆ ಆವಿಯ ಒತ್ತಡ ಏರಿ, ಭಾರದ ದ್ರವ ತಾನಾಗಿಯೇ ತೊಟ್ಟಿಕ್ಕುತ್ತದೆ, ಆವಿ ಪಿಪೆಟ್‌ನ ಒಳಗಿನ ಲೋಹವನ್ನು ತಿನ್ನುತ್ತದೆ. ಗಾಜಿನ ಅಳತೆ ಸಿಲಿಂಡರ್ ಅಥವಾ ಗಾಜಿನ ಸಿರಿಂಜ್ ಒಳ್ಳೆಯದು. ಕಪ್ಪು ರಬ್ಬರ್ ಪ್ಲಂಜರ್ ಇರುವ ಆಸ್ಪತ್ರೆಯ ಸಿರಿಂಜ್ ಬೇಡವೇ ಬೇಡ. ರಬ್ಬರ್ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಬಲವಾಗಿ ಒತ್ತಿದರೆ ಒಳಗಿನ ಆಮ್ಲ ಚಿಮ್ಮುತ್ತದೆ. ಪಾಲಿಪ್ರೊಪಿಲೀನ್ ಟ್ಯೂಬ್ ನಡೆಯುತ್ತದೆ, ಪಾಲಿಸ್ಟೈರೀನ್ ನಡೆಯದು. ಗಾಗಲ್ಸ್ ಮೇಲೆ ಫೇಸ್ ಶೀಲ್ಡ್, ರಬ್ಬರ್ ಏಪ್ರನ್, ನೈಟ್ರೈಲ್ ಮೇಲೆ ದಪ್ಪ ಬ್ಯೂಟೈಲ್ ಅಥವಾ ನಿಯೋಪ್ರೀನ್ ಗ್ಲೌಸ್ ಧರಿಸಿ. ಹುಡ್‌ನಲ್ಲಿ ಪಾತ್ರೆ ಅಂಚಿನಿಂದ ಒಂದು ಗೇಣಿನಷ್ಟಾದರೂ ಒಳಗಿರಲಿ, ಗಾಜು ಮುಖಕ್ಕಿಂತ ಕೆಳಗಿಳಿದಿರಲಿ.

ಪಾತ್ರೆಯನ್ನು ಬಿಗಿಯಾಗಿ ಮುಚ್ಚಬೇಡಿ. ಅಮೈನೋ ಆಮ್ಲಗಳ ಪಕ್ಕದ ಕೊಂಬೆಗಳಲ್ಲಿರುವ ಟರ್ಟ್‌ಬ್ಯೂಟೈಲ್ ಮತ್ತು ಬಾಕ್ ಮುಸುಕು ಗುಂಪುಗಳು ಕಳಚಿದಾಗ ಐಸೋಬ್ಯೂಟಿಲೀನ್, ಇಂಗಾಲದ ಡೈಆಕ್ಸೈಡ್ ಅನಿಲಗಳು ಹುಟ್ಟುತ್ತವೆ. ಮುಚ್ಚಿದ ಸಿರಿಂಜ್‌ನ ಪ್ಲಂಜರ್ ಹಾರಿ ಆಮ್ಲ ಮುಖಕ್ಕೆ ಎರಚುವುದು ಇದೇ ಕಾರಣಕ್ಕೆ. ಎರಡು ಮೂರು ಗಂಟೆಯ ಅವಧಿಯಲ್ಲಿ ಮೊದಲ ಅರ್ಧ ಗಂಟೆ ಆಗಾಗ ಗಾಳಿ ಬಿಡಿ.

ಸಿಸ್ಟೀನ್ ಇರುವ ಪೆಪ್ಟೈಡ್‌ಗಳಿಗೆ ಬಳಸುವ ಈಥೇನ್‌ಡೈಥಯಾಲ್‌ನ ದುರ್ವಾಸನೆ ಇಡೀ ಕಟ್ಟಡಕ್ಕೆ ಹಬ್ಬುತ್ತದೆ. ಆ ಪಾತ್ರೆಗಳನ್ನು ಬ್ಲೀಚ್ ದ್ರಾವಣದಲ್ಲಿ ಮುಳುಗಿಸುವುದು ವಾಡಿಕೆ. ಆದರೆ ಪಾತ್ರೆಯಲ್ಲಿ ಟಿಎಫ್‌ಎ ಉಳಿದಿದ್ದರೆ ಬ್ಲೀಚ್‌ನಿಂದ ಕ್ಲೋರಿನ್ ಅನಿಲ ಏಳುತ್ತದೆ. ಮೊದಲು ಆಮ್ಲವನ್ನು ತೊಳೆದು ಬೈಕಾರ್ಬನೇಟ್‌ನಿಂದ ತಟಸ್ಥ ಮಾಡಿ, ಆಮೇಲೆ ಬ್ಲೀಚ್.

ಈಥರ್ ಮತ್ತು ನಮ್ಮ ಬೇಸಿಗೆ

ನೈಟ್ರೋಜನ್ ಹಾಯಿಸಿ ಟಿಎಫ್‌ಎಯನ್ನು 1–2 ಮಿಲಿಗೆ ಇಳಿಸಿ, ಅದಕ್ಕೆ 40 ಮಿಲಿ ತಣ್ಣನೆಯ ಡೈಈಥೈಲ್ ಈಥರ್ ಸೇರಿಸಿದರೆ ಪೆಪ್ಟೈಡ್ ಬೆಳ್ಳಗೆ ಒಡೆದು ಕೂರುತ್ತದೆ. ಈಥರ್ ಸಮುದ್ರ ಮಟ್ಟದಲ್ಲಿ 34.6 ಡಿಗ್ರಿಗೆ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, 32 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಬೇಸಿಗೆಯಲ್ಲಿ 40 ದಾಟುವ ಕಲಬುರಗಿಯಲ್ಲಿ ಎಸಿ ಇಲ್ಲದ ಕೋಣೆಯ ಬಾಟಲಿಯೊಳಗೆ ಒತ್ತಡ ತುಂಬಿಯೇ ಇರುತ್ತದೆ. ಮುಚ್ಚಳ ತಿರುಗಿಸುವ ಮುನ್ನ ಬಾಟಲಿಯನ್ನು ತಣ್ಣಗಾಗಿಸಿ.

ಹಾಗೆಂದು ಮನೆಬಳಕೆಯ ಫ್ರಿಜ್‌ನಲ್ಲಿ ಇಡುವಂತಿಲ್ಲ. ಅದರೊಳಗಿನ ದೀಪದ ಸ್ವಿಚ್, ಥರ್ಮೋಸ್ಟಾಟ್ ಎರಡೂ ಕಿಡಿ ಹಾರಿಸುತ್ತವೆ. ಈಥರ್‌ನ ಫ್ಲ್ಯಾಶ್ ಪಾಯಿಂಟ್ ಮೈನಸ್ 45 ಡಿಗ್ರಿ, ಅಂದರೆ ಫ್ರೀಜರಿನ ಚಳಿಯಲ್ಲೂ ಅದರ ಆವಿಗೆ ಬೆಂಕಿ ಹಿಡಿಯುತ್ತದೆ. ಒಳಗೆ ಕಿಡಿಯಾಗದಂತೆ ಮಾಡಿದ ಲ್ಯಾಬ್ ಫ್ರಿಜ್ ಇಲ್ಲದಿದ್ದರೆ ಆ ದಿನ ಬೇಕಾದಷ್ಟನ್ನು ಮಾತ್ರ ಹುಡ್‌ನೊಳಗೆ ಐಸ್‌ನಲ್ಲಿಟ್ಟು ತಣಿಸಿ. ಈಥರ್ ಆವಿ ಗಾಳಿಗಿಂತ ಭಾರ. ಮೇಜಿನ ಮೇಲೆ ಹರಿದು ಆಚೆ ತುದಿಯ ಹಾಟ್‌ಪ್ಲೇಟ್ ತಲುಪಿ ಅಲ್ಲಿಂದ ಹೊತ್ತಿಕೊಂಡು ಹಿಂದಕ್ಕೆ ಬರಬಲ್ಲದು.

ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ತೆರೆದಿಟ್ಟ ಈಥರ್‌ನಲ್ಲಿ ಸ್ಫೋಟಕ ಪೆರಾಕ್ಸೈಡ್‌ಗಳು ಕೂಡಿಕೊಳ್ಳುತ್ತವೆ. ಪರೀಕ್ಷಾ ಪಟ್ಟಿಯಿಂದ ಆಗಾಗ ನೋಡಿ. ಮುಚ್ಚಳದ ಸುತ್ತ ಹರಳು ಕಂಡರೆ ತಿರುಗಿಸಹೋಗದೆ ಸುರಕ್ಷತಾಧಿಕಾರಿಯನ್ನು ಕರೆಯಿರಿ. ತಳದಲ್ಲಿ ಕೂತ ಪೆಪ್ಟೈಡ್‌ನಿಂದ ಈಥರ್ ಬಸಿದಮೇಲೆ ಉಳಿದ ತೇವ ಹುಡ್‌ನೊಳಗೆ ತಾನಾಗಿ ಆರಲಿ. ಓವನ್‌ಗೆ ಇಟ್ಟರೆ ಬೆಂಕಿಯೇ.

ವೇಸ್ಟ್ ಕ್ಯಾನ್

ಡಿಎಂಎಫ್–ಪೈಪೆರಿಡಿನ್‌ಗೆ ಒಂದು ಕ್ಯಾನ್, ಡಿಸಿಎಂಗೆ ಒಂದು, ಟಿಎಫ್‌ಎ–ಈಥರ್‌ಗೆ ಇನ್ನೊಂದು. ಮೊದಲನೆಯದೂ ಮೂರನೆಯದೂ ಎಂದೂ ಸೇರಬಾರದು. ಡಿಸಿಎಂ ಕ್ಯಾನಿಗೆ ಸೋಡಿಯಂ ಅಜೈಡ್ ಹೋಗಬಾರದು, ಇವೆರಡೂ ಸೇರಿ ಡೈಅಜಿಡೋಮೀಥೇನ್ ಎಂಬ ಸ್ಫೋಟಕವಾಗುತ್ತದೆ. ಅಜೈಡ್ ಬಳಸುವ ಕ್ಲಿಕ್ ರಸಾಯನ ಮಾಡುವ ಲ್ಯಾಬುಗಳು ಇದನ್ನು ಕ್ಯಾನಿನ ಮೇಲೇ ದೊಡ್ಡಕ್ಷರದಲ್ಲಿ ಬರೆದಿಡಲಿ. ಮುಕ್ಕಾಲು ತುಂಬಿದರೆ ಸಾಕು, ಗಾಳಿಯಾಡುವ ಮುಚ್ಚಳ ಹಾಕಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಿಂಕಿಗೆ ಸುರಿಯುವ ಮಾತೇ ಇಲ್ಲ.

ಮೈಮೇಲೆ ಬಿದ್ದರೆ

ಟಿಎಫ್‌ಎ ಬಿದ್ದರೆ ತಕ್ಷಣ ನೀರು. ಬಟ್ಟೆಗೆ ತಾಗಿದ್ದರೆ ನೀರಿನಡಿಯಲ್ಲೇ ಬಟ್ಟೆ ಕಳಚಿ, ಗಡಿಯಾರ ನೋಡಿಕೊಂಡು ಕನಿಷ್ಠ 15 ನಿಮಿಷ ತೊಳೆಯಿರಿ. ಚರ್ಮದ ಮೇಲೆ ಬೈಕಾರ್ಬನೇಟ್ ಹಚ್ಚಬೇಡಿ, ಆ ಪುಡಿ ನೆಲಕ್ಕೆ ಚೆಲ್ಲಿದ ಆಮ್ಲಕ್ಕೆ. ಅಲ್ಲೂ ಅಂಚಿನಿಂದ ನಿಧಾನವಾಗಿ ಉದುರಿಸಿ. ಕಣ್ಣು ತೊಳೆಯುವ ನಲ್ಲಿ 10 ಸೆಕೆಂಡಿನಲ್ಲಿ ತಲುಪುವಷ್ಟು ಹತ್ತಿರದಲ್ಲಿರಬೇಕು, ವಾರಕ್ಕೊಮ್ಮೆ ಬಿಟ್ಟು ನೋಡಬೇಕು. ವಾರಗಟ್ಟಲೆ ಬಿಡದ ನಲ್ಲಿಯಿಂದ ಮೊದಲು ಬರುವುದು ತುಕ್ಕಿನ ನೀರು.

ಹೆಸರಿನಲ್ಲಿ ಫ್ಲೂರೋ ಇರುವುದರಿಂದ ಟಿಎಫ್‌ಎ ಸುಟ್ಟ ಗಾಯಕ್ಕೂ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹುಡುಕುತ್ತ ಸಮಯ ಕಳೆಯುವುದುಂಟು. ಆ 2.5 ಶೇಕಡಾ ಜೆಲ್ ಬೇಕಾಗುವುದು ಹೈಡ್ರೋಜನ್ ಫ್ಲೋರೈಡ್‌ಗೆ. ಟಿಎಫ್‌ಎಯಲ್ಲಿ ಫ್ಲೋರಿನ್ ಇಂಗಾಲಕ್ಕೆ ಬಿಗಿಯಾಗಿ ಅಂಟಿದೆ, ಫ್ಲೋರೈಡ್ ಆಗಿ ಬಿಡಿಸಿಕೊಳ್ಳುವುದಿಲ್ಲ. ಅದು ಆಮ್ಲದ ಸುಟ್ಟಗಾಯ, ಮದ್ದು ನೀರು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗುವಾಗ ಆ ರಾಸಾಯನಿಕದ ಸುರಕ್ಷತಾ ಹಾಳೆಯ ಪ್ರತಿ ಕೈಯಲ್ಲಿರಲಿ, ಮತ್ತು ಬಿದ್ದದ್ದು ಟಿಎಫ್‌ಎಯೋ ಹೈಡ್ರೋಜನ್ ಫ್ಲೋರೈಡೋ ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಪೆಪ್ಟೈಡ್ ಶುದ್ಧೀಕರಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಬಳಸುವ ದ್ರಾವಕವಾದ ಅಸಿಟೋನೈಟ್ರೈಲ್ ಹೆಚ್ಚಾಗಿ ಮೈಸೇರಿದ್ದರೆ, ಈಗ ಆರಾಮಾಗಿದ್ದೇನೆ ಎಂದು ಮನೆಗೆ ಹೋಗಬೇಡಿ. ದೇಹ ಅದನ್ನು ನಿಧಾನವಾಗಿ ಸಯನೈಡ್ ಆಗಿ ಒಡೆಯುತ್ತದೆ, ಲಕ್ಷಣಗಳು ಹಲವು ಗಂಟೆ ತಡವಾಗಿ ಬರುತ್ತವೆ. ಅಷ್ಟು ಹೊತ್ತು ಆಸ್ಪತ್ರೆಯ ನಿಗಾದಲ್ಲಿರುವುದು ಅಗತ್ಯ.